ತಿಪಟೂರು ಸೀಮೆಯ ಗೃಹ ಮಿತವ್ಯಯ ಮತ್ತು ಉಳಿತಾಯ

ತಿಪಟೂರು ಸೀಮೆಯ ಗೃಹ ಮಿತವ್ಯಯ ಮತ್ತು ಉಳಿತಾಯವು ಕರ್ನಾಟಕದ ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗು ಬೆಳೆಗಾರ ಕುಟುಂಬಗಳಲ್ಲಿ ರೂಢಿಯಲ್ಲಿರುವ ಮನೆವಾರ್ತೆಯ ಕ್ರಮವಾಗಿದೆ. ಈ ಭಾಗದಲ್ಲಿ ಬಲಿತ ತೆಂಗಿನಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದಲ್ಲಿ ಇರಿಸಿ ಉಂಡೆ ಕೊಬ್ಬರಿಯಾಗಿಸುವ ಪದ್ಧತಿ ಇರುವುದರಿಂದ, ಮನೆಯ ಉಳಿತಾಯದ ದೊಡ್ಡ ಪಾಲು ಹಣದ ರೂಪದಲ್ಲಿರದೆ ಕಾಯಿಯ ರೂಪದಲ್ಲಿರುತ್ತದೆ. ಮರದ ಯಾವ ಭಾಗವನ್ನೂ ವ್ಯರ್ಥಮಾಡದ ಬಳಕೆ, ದಿನದ ಖರ್ಚನ್ನು ಹಾಲು ಮತ್ತು ಕೂಲಿಯ ಆದಾಯದಿಂದ ನಿಭಾಯಿಸುವುದು, ದೊಡ್ಡ ಖರ್ಚಿಗೆ ಮಾತ್ರ ಅಟ್ಟದ ಕಾಯಿಗೆ ಕೈಹಚ್ಚುವುದು ಈ ಕ್ರಮದ ಮುಖ್ಯ ಲಕ್ಷಣಗಳು. ಕೊಬ್ಬರಿಯ ಬೆಲೆ ಏರಿಳಿದಂತೆ ಉಳಿತಾಯದ ಮೌಲ್ಯವೂ ಏರಿಳಿಯುವುದು ಇದರ ಮುಖ್ಯ ದೌರ್ಬಲ್ಯವಾಗಿದೆ.

ಹಿನ್ನೆಲೆ

ತುಮಕೂರು ಜಿಲ್ಲೆಯ ಪಶ್ಚಿಮ ಭಾಗದಲ್ಲಿರುವ ಈ ಮೂರು ತಾಲ್ಲೂಕುಗಳೂ ಪಕ್ಕದ ಗುಬ್ಬಿ ಹಾಗೂ ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕುಗಳೂ ಸೇರಿ ಒಳನಾಡಿನ ತೆಂಗಿನ ಸೀಮೆಯಾಗಿವೆ. ತೆಂಗಿನ ಬೆಳೆಯ ಕಾರಣದಿಂದ ತಿಪಟೂರನ್ನು ‘ಕಲ್ಪತರು ನಾಡು’ ಎಂದು ಕರೆಯುವ ರೂಢಿಯಿದೆ. ಇಲ್ಲಿನ ಎತ್ತರದ ತಳಿಯು ‘ತಿಪಟೂರು ಟಾಲ್’ ಎಂಬ ಹೆಸರಿನಿಂದ ತೋಟಗಾರಿಕಾ ವಿಜ್ಞಾನದಲ್ಲಿ ಪರಿಚಿತವಾಗಿದೆ.

ಕರಾವಳಿಯಲ್ಲಿ ಗಾಳಿಯ ತೇವ ಹೆಚ್ಚಿರುವುದರಿಂದ ಕಾಯಿಯನ್ನು ಒಡೆದು, ಹೋಳುಗಳನ್ನು ಬಿಸಿಲಿನಲ್ಲಿಯೋ ಗೂಡಿನ ಶಾಖದಲ್ಲಿಯೋ ಬೇಗ ಒಣಗಿಸುವುದು ವಾಡಿಕೆ. ಆ ಕೊಬ್ಬರಿ ಹೆಚ್ಚಾಗಿ ಎಣ್ಣೆಯ ಗಾಣಕ್ಕೆ ಹೋಗುತ್ತದೆ. ತಿಪಟೂರು ಸೀಮೆಯ ಒಣಹವೆಯಲ್ಲಿ ಕಾಯಿಯನ್ನು ಒಡೆಯದೆಯೇ ಚಿಪ್ಪಿನೊಳಗೆ ಒಣಗಿಸಬಹುದು. ಹೀಗೆ ಸಿದ್ಧವಾಗುವ ಇಡಿಯಾದ ಉಂಡೆ ಕೊಬ್ಬರಿಯನ್ನು ಉತ್ತರ ಭಾರತದಲ್ಲಿ ಹಬ್ಬ, ಮದುವೆ ಹಾಗೂ ಪೂಜೆಗಳಲ್ಲಿ ಬಳಸುತ್ತಾರೆ. ತಿಪಟೂರಿನ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ಪ್ರಾಂಗಣವು ದೇಶದ ಪ್ರಮುಖ ಕೊಬ್ಬರಿ ಮಾರುಕಟ್ಟೆಗಳಲ್ಲಿ ಒಂದಾಗಿದ್ದು, ಇಲ್ಲಿನ ಹರಾಜಿನ ದರವನ್ನು ಸುತ್ತಲಿನ ಊರುಗಳ ಬೆಳೆಗಾರರು ಗಮನಿಸುತ್ತಾರೆ.

ಅಟ್ಟದ ಕೊಬ್ಬರಿ

ಹೊಂಬಾಳೆ ಒಡೆದ ಮೇಲೆ ಕಾಯಿ ಪೂರ್ಣ ಬಲಿಯಲು 11ರಿಂದ 12 ತಿಂಗಳು ಬೇಕು. ಬಲಿತ ಕಾಯಿಯನ್ನು ಸುಲಿಯದೆ, ನೆಲದಿಂದ ಎತ್ತರದಲ್ಲಿ ಕಟ್ಟಿದ ಅಟ್ಟದ ಮೇಲೆ ಹರಡುತ್ತಾರೆ. ಅಟ್ಟದ ನೆಲವನ್ನು ಬಿದಿರು ಅಥವಾ ಅಡಿಕೆ ದಬ್ಬೆಗಳಿಂದ ಸಂದು ಬಿಟ್ಟು ಹಾಸಿರುವುದರಿಂದ ಕೆಳಗಿನಿಂದ ಗಾಳಿ ಆಡುತ್ತದೆ. ಹಳೆಯ ಮನೆಗಳಲ್ಲಿ ಅಡುಗೆಯ ಒಲೆಯ ಹೊಗೆ ಮತ್ತು ಶಾಖವೂ ಅಟ್ಟಕ್ಕೆ ತಲುಪುತ್ತಿತ್ತು. ಈಗ ಅನೇಕ ತೋಟಗಳಲ್ಲಿ ಇದಕ್ಕಾಗಿಯೇ ಪ್ರತ್ಯೇಕ ಶೆಡ್ಡುಗಳಿವೆ.

ಅಟ್ಟದಲ್ಲಿ 8ರಿಂದ 12 ತಿಂಗಳು ಕಳೆಯುವಷ್ಟರಲ್ಲಿ ಒಳಗಿನ ನೀರು ಇಂಗಿ, ತಿರುಳು ಒಣಗಿ ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದಾಗ ಒಳಗಿನ ಉಂಡೆ ಚಿಪ್ಪಿಗೆ ಬಡಿಯುವ ಸದ್ದು ಕೇಳಿಸಿದರೆ ಕೊಬ್ಬರಿ ಆಗಿದೆ ಎಂದು ತಿಳಿಯುತ್ತಾರೆ. ಆನಂತರ ಕಾಯಿಯನ್ನು ಸುಲಿದು, ಉಂಡೆಗೆ ಪೆಟ್ಟು ತಗಲದಂತೆ ಚಿಪ್ಪನ್ನು ಒಡೆದು ತೆಗೆಯಲಾಗುತ್ತದೆ. ಹೀಗೆ ಹೊಂಬಾಳೆಯಿಂದ ಕೊಬ್ಬರಿಯವರೆಗೆ ಸುಮಾರು ಎರಡು ವರ್ಷಗಳ ಅವಧಿ ಹಿಡಿಯುತ್ತದೆ.

ಫಲ ಕೊಡುವ ತೆಂಗಿನ ಮರದಲ್ಲಿ ಹೆಚ್ಚುಕಡಿಮೆ ತಿಂಗಳಿಗೊಂದು ಹೊಂಬಾಳೆ ಬರುವುದರಿಂದ ವರ್ಷದಲ್ಲಿ ಹಲವು ಬಾರಿ ಕೊಯ್ಲು ನಡೆಯುತ್ತದೆ. ಒಂದೊಂದು ಕೊಯ್ಲಿನ ಕಾಯಿಯನ್ನು ಬೇರೆ ಬೇರೆ ರಾಶಿಯಾಗಿ ಇಡುವುದರಿಂದ, ಬೇರೆ ಬೇರೆ ದಿನಗಳಲ್ಲಿ ಅವಧಿ ಮುಗಿಯುವ ಠೇವಣಿಗಳಂತೆ ಅವು ಸರದಿಯ ಮೇಲೆ ಕೈಗೆ ಬರುತ್ತವೆ. ಬೇಕಾದಷ್ಟನ್ನು ಮಾತ್ರ ಮಾರಿ ಉಳಿದುದನ್ನು ಅಲ್ಲಿಯೇ ಬಿಡಬಹುದು. ನಗದಿನಂತೆ ಸುಲಭವಾಗಿ ಕೈಬಿಟ್ಟು ಹೋಗದ ಕಾರಣ ಸಣ್ಣಪುಟ್ಟ ಆಸೆಗಳಿಗೆ ಇದನ್ನು ಕರಗಿಸುವುದು ಕಷ್ಟ. ಒಂದು ಚೀಲ ಕೊಬ್ಬರಿ ಮಾರಲು ಕೂಡ ಸುಲಿಸಬೇಕು, ಒಡೆಸಬೇಕು, ಮಂಡಿಗೆ ಸಾಗಿಸಬೇಕು.

ಮಾರಾಟದ ಮೂರು ಹಂತಗಳು

ಒಂದೇ ಮರದ ಫಲವನ್ನು ಬೆಳೆಗಾರರು ಮೂರು ಹಂತಗಳಲ್ಲಿ ಹಣವಾಗಿಸಬಹುದು.

ಎಳನೀರು: ಸುಮಾರು 6–7 ತಿಂಗಳ ಕಾಯಿ. ವ್ಯಾಪಾರಿಗಳು ತೋಟಕ್ಕೇ ಬಂದು ಕೊಯ್ದು ಹಣ ಕೊಡುತ್ತಾರೆ. ಸುಲಿಯುವ, ಕಾಯುವ ಖರ್ಚಿಲ್ಲ.

ಬಲಿತ ಕಾಯಿ: ಅಡುಗೆಗೆ, ದೇವಸ್ಥಾನಗಳಿಗೆ ಮತ್ತು ಕೊಬ್ಬರಿ ಪೌಡರ್ ಕಾರ್ಖಾನೆಗಳಿಗೆ ಹೋಗುತ್ತದೆ. ಅಟ್ಟದ ಅಗತ್ಯವಿಲ್ಲ.

ಉಂಡೆ ಕೊಬ್ಬರಿ: ಅತಿ ಹೆಚ್ಚು ಕಾಯಬೇಕಾದ ಹಂತ. ಕಾಯಿಯ ಜೊತೆಗೆ ಮಟ್ಟೆ ಮತ್ತು ಚಿಪ್ಪಿನ ಬೆಲೆಯೂ ಬೆಳೆಗಾರರಿಗೆ ಉಳಿಯುತ್ತದೆ.

ಯಾವ ಹಂತದಲ್ಲಿ ಮಾರಬೇಕೆಂಬುದು ಆಯಾ ದಿನದ ದರದ ಮೇಲಷ್ಟೇ ಅಲ್ಲದೆ, ಮನೆಗೆ ಹಣ ಯಾವಾಗ ಬೇಕು ಎಂಬುದರ ಮೇಲೂ ನಿಲ್ಲುತ್ತದೆ. ಜೂನ್ ತಿಂಗಳಲ್ಲಿ ಶಾಲೆಯ ಶುಲ್ಕ ಕಟ್ಟಬೇಕಾದ ಕುಟುಂಬವು ಎಳನೀರಿಗೆ ಕೊಟ್ಟುಬಿಡಬಹುದು. ಆ ತುರ್ತು ಇಲ್ಲದ ಕುಟುಂಬವು ಅದೇ ಕಾಯಿಯನ್ನು ಅಟ್ಟಕ್ಕೆ ಏರಿಸಬಹುದು.

ದಿನಬಳಕೆಯ ಮಿತವ್ಯಯ

ತೆಂಗಿನ ಮನೆಗಳಲ್ಲಿ ಹಣ ಕೊಟ್ಟು ಕೊಳ್ಳಬೇಕಾದ ಹಲವು ವಸ್ತುಗಳು ತೋಟದಲ್ಲಿಯೇ ದೊರೆಯುತ್ತವೆ. ಒಣಗಿ ಬಿದ್ದ ಗರಿ, ಹೊಂಬಾಳೆಯ ಕವಚ ಮತ್ತು ಮಟ್ಟೆ ಬಚ್ಚಲ ಒಲೆಗೆ ಸೌದೆಯಾಗುತ್ತವೆ. ಹಸಿ ಗರಿಯನ್ನು ಹೆಣೆದು ಚಪ್ಪರಕ್ಕೆ ಹೊದಿಸುತ್ತಾರೆ. ಗರಿಯ ನಡುವಿನ ಕಡ್ಡಿಗಳನ್ನು ಸೀಳಿ ತೆಗೆದು ಪೊರಕೆ ಕಟ್ಟುತ್ತಾರೆ. ಮನೆಗೆ ಬೇಕಾದುದನ್ನು ಇಟ್ಟುಕೊಂಡು ಉಳಿದುದನ್ನು ಸಂತೆಯಲ್ಲಿ ಮಾರುವುದೂ ಉಂಟು. ಮಟ್ಟೆ ನಾರಿನ ಘಟಕಗಳಿಗೂ, ಚಿಪ್ಪು ಇದ್ದಿಲು ತಯಾರಿಸುವವರಿಗೂ ಹೋಗುತ್ತದೆ. ಕೆಲವು ತೋಟಗಳಲ್ಲಿ ಮಟ್ಟೆಯನ್ನು ಮಾರದೆ ಮರದ ಪಾತಿಯಲ್ಲಿ ಹೂಳಿ ನೆಲದ ತೇವವನ್ನು ಕಾಯ್ದುಕೊಳ್ಳಲಾಗುತ್ತದೆ.

ಅಡುಗೆಮನೆಯಲ್ಲಿಯೂ ಇದೇ ವಿಂಗಡಣೆ ಕಾಣುತ್ತದೆ. ಗುಂಡಗೆ ಒಡೆಯದೆ ಬಂದ ಕೊಬ್ಬರಿ ಮಾರುಕಟ್ಟೆಗೆ ಹೋದರೆ, ಒಡೆಯುವಾಗ ಚೂರಾದುದು ಸಾರಿನ ಪುಡಿ ಮತ್ತು ಚಟ್ನಿಪುಡಿಗೆ ಬಳಕೆಯಾಗುತ್ತದೆ. ಕೌಟು ಹಿಡಿದುದನ್ನು ಎಸೆಯದೆ ಬೇರೆಯಾಗಿ ಕೂಡಿಟ್ಟು, ಗಾಣದಲ್ಲಿ ಎಣ್ಣೆ ತೆಗೆಸಿ ದೀಪಕ್ಕೆ ಬಳಸುತ್ತಾರೆ. ಗಾಣದಲ್ಲಿ ಉಳಿದ ಹಿಂಡಿ ದನಕರುಗಳ ಪಾಲಾಗುತ್ತದೆ.

ಹೊಲದಲ್ಲಿ ಬೆಳೆದ ರಾಗಿಯನ್ನು ವರ್ಷದ ಊಟಕ್ಕೆ ಆಗುವಷ್ಟು ತೆಗೆದಿಟ್ಟು ಉಳಿದುದನ್ನು ಮಾತ್ರ ಮಾರುವುದು ಮನೆವಾರ್ತೆಯ ಹಳೆಯ ನಿಯಮ. ರಾಗಿಗೆ ಹುಳು ಹಿಡಿಯುವುದು ಕಡಿಮೆಯಾದುದರಿಂದ ಹಿಂದೆ ಅದನ್ನು ನೆಲದೊಳಗಿನ ಹಗೇವುಗಳಲ್ಲಿ ವರ್ಷಗಟ್ಟಲೆ ಇರಿಸುತ್ತಿದ್ದರು. ಮನೆಯಲ್ಲಿ ರಾಗಿ ಇದ್ದರೆ ಕೊಬ್ಬರಿಯ ದರ ಬಿದ್ದ ವರ್ಷವೂ ಊಟಕ್ಕಾಗಿ ಕಾಯಿ ಮಾರುವ ಸ್ಥಿತಿ ಬರುವುದಿಲ್ಲ. ಹೀಗೆ ಕಣಜ ತುಂಬಿರುವುದು ಅಟ್ಟಕ್ಕೆ ರಕ್ಷಣೆಯಾಗುತ್ತದೆ.

ದಿನದ ಹಣ ಮತ್ತು ವರ್ಷದ ಹಣ

ಕೊಬ್ಬರಿಯ ಆದಾಯ ವರ್ಷಕ್ಕೆ ಕೆಲವೇ ಬಾರಿ ದೊಡ್ಡ ಮೊತ್ತದಲ್ಲಿ ಬರುವುದರಿಂದ ನಿತ್ಯದ ಖರ್ಚಿಗೆ ಬೇರೆ ಮೂಲ ಅಗತ್ಯ. ಊರಿನ ಡೇರಿಗೆ ಹಾಕಿದ ಹಾಲಿನ ಬಟವಾಡೆ ನಿಗದಿತ ದಿನಗಳಲ್ಲಿ ಕೈಸೇರುತ್ತದೆ. ಅಂಗಡಿ ಸಾಮಾನು, ಔಷಧ, ಬಸ್ಸಿನ ಖರ್ಚು ಇದರಲ್ಲಿ ನಡೆಯುತ್ತದೆ. ತೆಂಗಿನ ಸಾಲುಗಳ ನಡುವಿನ ಬಾಳೆ, ಅಡಿಕೆ, ಮೆಣಸಿನ ಬಳ್ಳಿ ಇದಕ್ಕೆ ಒತ್ತಾಸೆಯಾಗುತ್ತವೆ. ಮದುವೆ, ಮನೆ ಕಟ್ಟುವುದು, ಕೊಳವೆಬಾವಿ ಕೊರೆಸುವುದು, ಕಾಲೇಜಿನ ಶುಲ್ಕ, ಆಸ್ಪತ್ರೆ ಮೊದಲಾದವುಗಳಿಗೆ ಅಟ್ಟದ ಕೊಬ್ಬರಿಯನ್ನು ಇಳಿಸುತ್ತಾರೆ. ಹಾಲು ಕರೆಯುವುದು, ಡೇರಿಗೆ ಹಾಕುವುದು, ಪೊರಕೆ ಕಟ್ಟುವುದು ಬಹುಮಟ್ಟಿಗೆ ಹೆಂಗಸರ ದುಡಿಮೆ. ಅಟ್ಟದ ಕೊಬ್ಬರಿ ಅಕಾಲದಲ್ಲಿ ಇಳಿಯದಿರುವುದರ ಹಿಂದೆ ಈ ದುಡಿಮೆ ಇದೆ.

ಬೆಲೆಯ ಏರಿಳಿತ

ಒಂದು ಉಂಡೆ ಸರಾಸರಿ 125 ಗ್ರಾಂ ತೂಗುತ್ತದೆ ಎಂದಿಟ್ಟುಕೊಂಡರೆ ಒಂದು ಕ್ವಿಂಟಾಲಿಗೆ 800 ಕಾಯಿ ಬೇಕು. ಆಗ ಕ್ವಿಂಟಾಲಿಗೆ 8,000 ರೂಪಾಯಿ ದರವಿದ್ದರೆ ಕಾಯಿಗೆ 10 ರೂಪಾಯಿ, 12,000 ಇದ್ದರೆ 15 ರೂಪಾಯಿ, 20,000 ಇದ್ದರೆ 25 ರೂಪಾಯಿ ಬಿದ್ದಂತಾಗುತ್ತದೆ. ಸುಲಿಸುವ ಮತ್ತು ಒಡೆಸುವ ಕೂಲಿ ಮೂರೂ ಸಂದರ್ಭಗಳಲ್ಲಿ ಒಂದೇ.

ಕೇಂದ್ರ ಸರ್ಕಾರವು ಪ್ರತಿವರ್ಷ ಕೊಬ್ಬರಿಗೆ ಕನಿಷ್ಠ ಬೆಂಬಲ ಬೆಲೆ ಘೋಷಿಸುತ್ತದೆ. ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 2014ರಲ್ಲಿ 5,500 ರೂಪಾಯಿ, 2018ರಲ್ಲಿ 7,750, 2019ರಲ್ಲಿ 9,920, 2023ರಲ್ಲಿ 11,750, 2024ರಲ್ಲಿ 12,000 ಮತ್ತು 2025ರಲ್ಲಿ 12,100 ರೂಪಾಯಿ ಇತ್ತು. ಈ ಬೆಲೆಗೆ ನ್ಯಾಫೆಡ್ ಸಂಸ್ಥೆಯ ಪರವಾಗಿ ಖರೀದಿ ಕೇಂದ್ರಗಳಲ್ಲಿ ಕೊಬ್ಬರಿ ಕೊಳ್ಳಲಾಗುತ್ತದೆ. ಖರೀದಿಗೆ ಮುಂಗಡ ನೋಂದಣಿ, ಗುಣಮಟ್ಟ ಮತ್ತು ಒಬ್ಬ ರೈತನಿಂದ ಕೊಳ್ಳುವ ಪ್ರಮಾಣದ ಮಿತಿ ಇರುತ್ತವೆ.

2023ರಲ್ಲಿ ಮುಕ್ತ ಮಾರುಕಟ್ಟೆಯ ದರ 9,000 ರೂಪಾಯಿಗಿಂತ ಕೆಳಗಿಳಿದು, ಬೆಂಬಲ ಬೆಲೆಗಿಂತ ಬಹಳ ಕಡಿಮೆಯಾಯಿತು. ಬೆಲೆಗಾಗಿ ತಿಪಟೂರಿನಲ್ಲಿ ರೈತರು ಧರಣಿ ನಡೆಸಿದರು. 2024ರ ಖರೀದಿಯಲ್ಲಿ ರಾಜ್ಯ ಸರ್ಕಾರ ಕ್ವಿಂಟಾಲಿಗೆ 1,500 ರೂಪಾಯಿ ಪ್ರೋತ್ಸಾಹಧನ ಸೇರಿಸಿತು. 2025ರಲ್ಲಿ ಚಿತ್ರ ತಿರುಗಿ, ಮಾರುಕಟ್ಟೆಯ ದರ 20,000 ರೂಪಾಯಿ ದಾಟಿತು. ಇಳುವರಿ ಕುಸಿದು ಕಾಯಿಯೇ ಕಡಿಮೆಯಾಗಿದ್ದುದು ಈ ಏರಿಕೆಗೆ ಒಂದು ಕಾರಣ. ಆದುದರಿಂದ ದರ ಏರಿದರೂ ಅಟ್ಟ ಖಾಲಿಯಿದ್ದ ಮನೆಗಳಿಗೆ ಅದರ ಪ್ರಯೋಜನ ದೊರೆಯಲಿಲ್ಲ.

ಕಾಯುವ ಶಕ್ತಿ ಮತ್ತು ಸಾಲ

ಅಟ್ಟದ ಉಳಿತಾಯ ಫಲ ಕೊಡುವುದು ಕಾಯಬಲ್ಲ ಕುಟುಂಬಕ್ಕೆ ಮಾತ್ರ. ಕೈಸಾಲದ ಬಡ್ಡಿ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಇದ್ದರೆ, 10,000 ರೂಪಾಯಿ ಸಾಲಕ್ಕೆ ಹತ್ತು ತಿಂಗಳಲ್ಲಿ 2,000 ರೂಪಾಯಿ ಬಡ್ಡಿ ಆಗುತ್ತದೆ. ಅಷ್ಟೇ ಮೌಲ್ಯದ ಕಾಯಿಯನ್ನು ಅಟ್ಟದಲ್ಲಿಟ್ಟವರಿಗೆ ಹತ್ತು ತಿಂಗಳ ನಂತರ, ಕೂಲಿಯ ಖರ್ಚು ಕಳೆದು, 12,000 ರೂಪಾಯಿಗಿಂತ ಹೆಚ್ಚು ಬಂದರೆ ಮಾತ್ರ ಕಾದುದು ಲಾಭ. ಇಲ್ಲವಾದರೆ ಬಲಿತ ಕಾಯಿಯನ್ನೇ ಮಾರಿ ಸಾಲ ತೀರಿಸುವುದು ಮೇಲು. ಈ ಲೆಕ್ಕ ಮಾಡದೆ, ಒಂದು ಕಡೆ ಬಡ್ಡಿ ಕಟ್ಟುತ್ತ ಇನ್ನೊಂದು ಕಡೆ ಕೊಬ್ಬರಿ ಕಾಯುವುದರಿಂದ ಉಳಿತಾಯವೇ ನಷ್ಟವಾಗಿ ಪರಿಣಮಿಸುತ್ತದೆ.

ಸಣ್ಣ ಹಿಡುವಳಿದಾರರು ವರ್ತಕರಿಂದ ಮುಂಗಡ ಪಡೆದು, ಕೊಬ್ಬರಿಯನ್ನು ಅವರಿಗೇ ಕೊಡಬೇಕಾದ ಕಟ್ಟಿಗೆ ಸಿಲುಕುವುದುಂಟು. ಇದನ್ನು ತಪ್ಪಿಸಲು ಮಾರುಕಟ್ಟೆ ಸಮಿತಿಗಳ ಅಡಮಾನ ಸಾಲ ಯೋಜನೆ ಇದೆ. ದಾಸ್ತಾನನ್ನು ಮಾರದೆ ಒತ್ತೆಯಿಟ್ಟು ಹಣ ಪಡೆಯಲು ಇದರಿಂದ ಸಾಧ್ಯ. ಸಹಕಾರ ಸಂಘಗಳ ಮೂಲಕ ದೊರೆಯುವ ಶೂನ್ಯ ಬಡ್ಡಿಯ ಅಲ್ಪಾವಧಿ ಬೆಳೆಸಾಲದ ಮಿತಿಯನ್ನು 2023–24ರ ರಾಜ್ಯ ಬಜೆಟ್‌ನಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಲಾಯಿತು.

ನಗದಿನ ಉಳಿತಾಯ

ತೋಟವಿಲ್ಲದ ಕುಟುಂಬಗಳಿಗೆ, ಅಂದರೆ ಕಾಯಿ ಕೀಳುವ, ಸುಲಿಯುವ, ಕೊಬ್ಬರಿ ಒಡೆಯುವ ಕೂಲಿಕಾರರಿಗೆ, ಅಟ್ಟದ ಆಸರೆ ಇಲ್ಲ. ಇವರ ಉಳಿತಾಯ ಚೀಟಿ, ಅಂಚೆ ಕಚೇರಿ ಮತ್ತು ಸ್ವಸಹಾಯ ಸಂಘಗಳಲ್ಲಿ ಇರುತ್ತದೆ. ಸ್ವಸಹಾಯ ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಕಾರ್ಯಕ್ರಮವನ್ನು ನಬಾರ್ಡ್ 1992ರಲ್ಲಿ ಆರಂಭಿಸಿತು. ಕರ್ನಾಟಕ ಸರ್ಕಾರದ ಸ್ತ್ರೀಶಕ್ತಿ ಯೋಜನೆ 2000–01ರಲ್ಲಿ ಜಾರಿಗೆ ಬಂದಿತು. ವಾರವಾರ ಸಣ್ಣ ಮೊತ್ತ ಕಟ್ಟುವ ಈ ಸಂಘಗಳು ‘ಹನಿ ಹನಿ ಕೂಡಿದರೆ ಹಳ್ಳ’ ಎಂಬ ಗಾದೆಯ ರೀತಿಯಲ್ಲಿ ಬಂಡವಾಳ ಕೂಡಿಸುತ್ತವೆ. ಗ್ರಾಮೀಣ ಬ್ಯಾಂಕುಗಳ ಪೈಕಿ ಈ ಸೀಮೆಯ ಬಿರುದನ್ನೇ ಹೊತ್ತಿದ್ದ ಕಲ್ಪತರು ಗ್ರಾಮೀಣ ಬ್ಯಾಂಕ್, 2006ರಲ್ಲಿ ವಿಲೀನಗೊಂಡು ಕಾವೇರಿ ಕಲ್ಪತರು ಗ್ರಾಮೀಣ ಬ್ಯಾಂಕಿನ ಭಾಗವಾಯಿತು.

ಅಪಾಯಗಳು ಮತ್ತು ಬದಲಾವಣೆಗಳು

ಅಟ್ಟದಲ್ಲಿರುವ ಕಾಯಿಗೆ ಸೋರುವ ಮಾಡು, ಇಲಿ, ಬೆಂಕಿ ಮತ್ತು ಕಳ್ಳತನದ ಭಯವಿದೆ. ಮಳೆಗಾಲದ ತೇವ ತಗುಲಿದರೆ ಕೊಬ್ಬರಿ ಕೌಟಾಗುತ್ತದೆ. ತೋಟದಲ್ಲಿ ನುಸಿ, ಕಪ್ಪುತಲೆ ಹುಳು, ಕಾಂಡ ಸೋರುವ ರೋಗ ಮತ್ತು ಅಣಬೆ ರೋಗಗಳು ಇಳುವರಿಯನ್ನು ಕುಗ್ಗಿಸುತ್ತವೆ. 2010ರ ದಶಕದ ಬರಗಾಲಗಳಲ್ಲಿ ಕೊಳವೆಬಾವಿಗಳು ಬತ್ತಿ ಬಹಳಷ್ಟು ಮರಗಳು ಸುಳಿ ಒಣಗಿ ಸತ್ತವು. ಎತ್ತರದ ತಳಿಯ ಸಸಿ ಫಲಕ್ಕೆ ಬರಲು ಆರೇಳು ವರ್ಷ ಬೇಕಾಗುವುದರಿಂದ, ಮರ ಸತ್ತ ಮನೆಯಲ್ಲಿ ಉಳಿತಾಯದ ಮೂಲವೇ ಅಷ್ಟು ಕಾಲ ಇಲ್ಲವಾಗುತ್ತದೆ.

ಕಾಯಿ ಕೀಳುವವರ ಮತ್ತು ಸುಲಿಯುವವರ ಕೊರತೆ, ಕೂಲಿಯ ಏರಿಕೆ, ಎಳನೀರಿನ ಬೇಡಿಕೆ ಮತ್ತು ಮಕ್ಕಳು ಬೆಂಗಳೂರಿನಂತಹ ನಗರಗಳಲ್ಲಿ ನೆಲೆಸಿರುವುದರಿಂದ ಅನೇಕ ಕುಟುಂಬಗಳು ಕಾಯಿಯನ್ನು ಎಳೆಯದಾಗಿಯೇ ಅಥವಾ ಹಸಿಯಾಗಿಯೇ ಮಾರುತ್ತಿವೆ. ಇದರಿಂದ ಹಣ ಬೇಗ ಕೈಸೇರುತ್ತದೆ, ಬೆಲೆ ಕುಸಿಯುವ ಅಪಾಯವೂ ತಗ್ಗುತ್ತದೆ. ಆದರೆ ಹೀಗೆ ಬಂದ ಹಣವನ್ನು ಬ್ಯಾಂಕಿನಲ್ಲಿಯೋ ಸಂಘದಲ್ಲಿಯೋ ತೆಗೆದಿಡದಿದ್ದರೆ, ಹಿಂದೆ ಅಟ್ಟ ತಾನಾಗಿಯೇ ಮಾಡಿಸುತ್ತಿದ್ದ ಉಳಿತಾಯ ನಿಂತುಹೋಗುತ್ತದೆ.