ಲ್ಯಾಪ್‌ಟಾಪಿನ ವೈ-ಫೈ ಕೈಕೊಟ್ಟರೆ: ಲಿನಕ್ಸ್ ಬಳಸುವವರಿಗೆ



ಬೀದರ್, ರಾಯಚೂರು, ಕಲಬುರಗಿ ಕಡೆಯಿಂದ ಕೆಲಸ ಹುಡುಕಿಕೊಂಡು ಮಾದಾಪುರಕ್ಕೆ ಬಂದು, ಅಯ್ಯಪ್ಪ ಸೊಸೈಟಿಯ ಹಾಸ್ಟೆಲುಗಳಲ್ಲಿ ಉಳಿದಿರುವ ನಮ್ಮ ಹುಡುಗ ಹುಡುಗಿಯರಿಗಾಗಿ ಈ ಬರಹ. ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿಗೆ ಹೋಗಿ ಹಳೆಯ ಲ್ಯಾಪ್‌ಟಾಪ್ ಕೊಂಡು, ಅದಕ್ಕೆ ಲಿನಕ್ಸ್ ಹಾಕಿಕೊಂಡಿದ್ದೀರಿ ಎನ್ನೋಣ. ನಾಳೆ ಬೆಳಿಗ್ಗೆ ಹತ್ತಕ್ಕೆ ಅಂತರ್ಜಾಲದ ಮೂಲಕವೇ ಸಂದರ್ಶನ. ಇಂದು ರಾತ್ರಿ ನೋಡಿದರೆ ವೈ-ಫೈ ಐದೈದು ನಿಮಿಷಕ್ಕೆ ಕಡಿದುಹೋಗುತ್ತಿದೆ! ಗಾಬರಿಯಾಗಿ ಲಿನಕ್ಸನ್ನೇ ಕಿತ್ತು ಮತ್ತೆ ಹಾಕಲು ಹೋಗಬೇಡಿ. ಒಂದೊಂದಾಗಿ ನೋಡುತ್ತ ಬನ್ನಿ.

ಮೊದಲು, ತಪ್ಪು ಯಾರದು ಎಂದು ತಿಳಿಯಿರಿ. ವೈ-ಫೈ ಕಡಿದಾಗ ಅದೇ ಜಾಗದಲ್ಲಿ, ಅದೇ ವೈ-ಫೈಯಲ್ಲಿ ನಿಮ್ಮ ಮೊಬೈಲ್ ನಡೆಯುತ್ತಿದೆಯೆ? ಅದೂ ನಿಂತಿದ್ದರೆ ದೋಷ ಹಾಸ್ಟೆಲಿನ ರೂಟರಿನದು ಇರಬಹುದು. ಮೊಬೈಲ್ ಸರಿಯಿದ್ದು ಲ್ಯಾಪ್‌ಟಾಪ್ ಮಾತ್ರ ನಿಂತರೆ ಡ್ರೈವರ್ ಮೇಲೆ ಅನುಮಾನ ಪಡಿ.

ಡ್ರೈವರ್ ಎಂದರೆ ಕಾರ್ಡಿಗೂ ಲಿನಕ್ಸಿಗೂ ನಡುವಿನ ದುಭಾಷಿ. ಕಾರ್ಡ್ ತಯಾರಿಸಿದವರು ಅದರ ಗುಟ್ಟು ಬಿಟ್ಟುಕೊಡದಿದ್ದರೆ ದುಭಾಷಿ ತಡವರಿಸುತ್ತಾನೆ. ಬ್ರಾಡ್‌ಕಾಮ್ ಕಾರ್ಡುಗಳ ಕತೆ ಹೀಗೆಯೇ ಆಗಿತ್ತು. ಉತ್ಸಾಹಿಗಳು ತಾವೇ ಬರೆದ ಡ್ರೈವರ್ 2006ರಲ್ಲಿ ಲಿನಕ್ಸಿಗೆ ಸೇರಿತು. ಕಂಪನಿಯೇ ತನ್ನ ಹೊಸ ಕಾರ್ಡುಗಳಿಗೆ ಮುಕ್ತ ಡ್ರೈವರ್ ಕೊಟ್ಟದ್ದು 2010ರಲ್ಲಿ.

ನಿಮ್ಮ ಕಾರ್ಡ್ ಯಾವುದೆಂದು ತಿಳಿಯಲು ಟರ್ಮಿನಲ್ ತೆರೆದು ‘ಎಲ್‌ಎಸ್‌ಪಿಸಿಐ’ ಎಂದು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಬೆರಳಚ್ಚಿಸಿ, ಜಾಗ ಬಿಟ್ಟು ‘ಹೈಫನ್ ಕೆ’ ಸೇರಿಸಿ. ಕಾರ್ಡಿನ ಹೆಸರಿನ ಕೆಳಗೆ ಬಳಕೆಯಲ್ಲಿರುವ ಡ್ರೈವರಿನ ಹೆಸರು ಬರುತ್ತದೆ. ಆ ಸಾಲೇ ಇಲ್ಲದಿದ್ದರೆ ಡ್ರೈವರ್ ಕೂತಿಲ್ಲ ಎಂದರ್ಥ.

ಡ್ರೈವರ್ ಇದ್ದೂ ಕಾರ್ಡ್ ಏಳದಿದ್ದರೆ ‘ಸುಡೋ ಡಿಮೆಸ್ಜಿ’ ಆದೇಶ ಕೊಟ್ಟು ‘ಫರ್ಮ್‌ವೇರ್’ ಎಂಬ ಪದವಿರುವ ಸಾಲು ಹುಡುಕಿ. ಫರ್ಮ್‌ವೇರ್ ಎಂದರೆ ಕಾರ್ಡಿನ ಒಳಗೇ ಓಡುವ ಪುಟ್ಟ ತಂತ್ರಾಂಶ. ಅದು ಸಿಗಲಿಲ್ಲ ಎಂಬ ದೂರು ಕಂಡರೆ ಫರ್ಮ್‌ವೇರ್ ಪ್ಯಾಕೇಜ್ ಹಾಕಬೇಕು. 2023ರಲ್ಲಿ ಬಂದ ಡೆಬಿಯನ್ 12ರಿಂದ ಇದು ಅನುಸ್ಥಾಪನೆಯ ಜೊತೆಗೇ ಬರುತ್ತದೆ. ಅದಕ್ಕೂ ಹಳೆಯದಾದರೆ ಬೇರೆಯಾಗಿ ಹಾಕಿಕೊಳ್ಳಬೇಕು.

ಅಂತರ್ಜಾಲವೇ ಇಲ್ಲದೆ ಅದನ್ನು ಇಳಿಸಿಕೊಳ್ಳುವುದು ಹೇಗೆ ಎನ್ನುತ್ತೀರಾ? ಆಂಡ್ರಾಯ್ಡ್ ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ, ಅದರಲ್ಲಿ ಯುಎಸ್‌ಬಿ ಟೆದರಿಂಗ್ ಚಾಲೂ ಮಾಡಿ. ವೈ-ಫೈ ಕಾರ್ಡಿನ ಹಂಗಿಲ್ಲದೆ ಸಂಪರ್ಕ ಸಿಗುತ್ತದೆ.

ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟಾಗ ಮಾತ್ರ ಕಡಿದುಹೋಗುತ್ತಿದೆಯೆ? ಆಗ ಬ್ಯಾಟರಿ ಉಳಿಸಲು ಕಾರ್ಡನ್ನು ಮಲಗಿಸುವ ಸೌಲಭ್ಯವೇ ಕಾರಣವಿರಬಹುದು. ಉಬುಂಟುವಿನಲ್ಲಿ ನೆಟ್‌ವರ್ಕ್‌ಮ್ಯಾನೇಜರಿನ ಸಂರಚನೆಯ ಕಡತದಲ್ಲಿ ‘ವೈಫೈ ಡಾಟ್ ಪವರ್‌ಸೇವ್’ ಎದುರು 3 ಎಂದಿದ್ದರೆ 2 ಮಾಡಿ ಲ್ಯಾಪ್‌ಟಾಪನ್ನು ಮತ್ತೆ ಚಾಲೂ ಮಾಡಿ. ಬ್ಯಾಟರಿ ತುಸು ಬೇಗ ಮುಗಿಯಬಹುದು, ಅಷ್ಟೆ.

ನಿನ್ನೆಯವರೆಗೆ ಸರಿಯಿದ್ದು, ಅಪ್‌ಡೇಟ್ ಆದ ಮೇಲೆ ಕೆಟ್ಟಿತೆ? ಚಾಲೂ ಆಗುವಾಗ ಬರುವ ಗ್ರಬ್ ಪಟ್ಟಿಯಲ್ಲಿ ಹಳೆಯ ಕರ್ನಲ್ ಆರಿಸಿ ನೋಡಿ. ಹಳೆಯದರಲ್ಲಿ ಸರಿಯಿದ್ದರೆ ಸದ್ಯಕ್ಕೆ ಅದರಲ್ಲೇ ಕೆಲಸ ಮುಗಿಸಿಕೊಳ್ಳಿ. ಹೊರಗಿನಿಂದ ತಂದು ಹಾಕಿದ ಡ್ರೈವರ್ ಆಗಿದ್ದರೆ ಹೊಸ ಕರ್ನಲಿಗಾಗಿ ಅದನ್ನು ಮತ್ತೆ ಕಟ್ಟಬೇಕಾಗುತ್ತದೆ. ಸೆಕ್ಯೂರ್ ಬೂಟ್ ಚಾಲೂ ಇದ್ದರೆ, ಸಹಿಯಿಲ್ಲದ ಡ್ರೈವರನ್ನು ಅದು ಒಳಗೆ ಬಿಡುವುದಿಲ್ಲ ಎಂಬುದೂ ನೆನಪಿರಲಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದನ್ನು ಚೀಟಿಯಲ್ಲಿ ಬರೆದಿಡಿ. ನಾಲ್ಕು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಎಂದು ಗೊತ್ತಾಗುವುದೇ ಇಲ್ಲ. ರಾತ್ರಿ ಹನ್ನೊಂದಾದರೂ ಸರಿಹೋಗದಿದ್ದರೆ ಅಲ್ಲಿಗೆ ಬಿಟ್ಟುಬಿಡಿ. ಮೊಬೈಲ್ ಚಾರ್ಜ್ ಮಾಡಿ, ಯುಎಸ್‌ಬಿ ತಂತಿ ಪಕ್ಕದಲ್ಲಿಟ್ಟು ಮಲಗಿ. ಸಂದರ್ಶನ ಅದರ ಮೇಲೆಯೇ ನಡೆಯಲಿ, ಡ್ರೈವರಿನ ಜಗಳ ಮಧ್ಯಾಹ್ನದ ಊಟದ ನಂತರ ನೋಡಿಕೊಂಡರಾಯಿತು.

ನಿಮಗೆ ಶುಭವಾಗಲಿ.