ಕಟ್ಟಡದ ನಿಯಮವೂ ಪೌರನ ವಿಶ್ವಾಸವೂ

ಪೌರನೊಬ್ಬನು ತನ್ನ ನಿವೇಶನದಲ್ಲಿ ಮನೆ ಕಟ್ಟುವುದು ಅವನ ಸ್ವಂತ ಕಾರ್ಯವೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಅವನ ಗೋಡೆ ನೆರೆಯವನ ಗಾಳಿಯನ್ನು ತಡೆಯುತ್ತದೆ. ಅವನ ಮೇಲ್ಮಹಡಿ ಎದುರು ಮನೆಯ ಬಿಸಿಲನ್ನು ಕಸಿಯುತ್ತದೆ. ಅವನ ಮನೆಗೆ ಬೆಂಕಿ ಬಿದ್ದರೆ ಅದನ್ನು ಆರಿಸುವ ವಾಹನಕ್ಕೆ ದಾರಿ ಬೇಕಾಗುತ್ತದೆ. ಕಟ್ಟಡದ ನಿಯಮಗಳು ಹುಟ್ಟಿರುವುದು ಈ ಕಾರಣದಿಂದಲೇ. ಬೆಂಗಳೂರಿನಲ್ಲಿ ಈ ನಿಯಮಗಳು ಹೊಂದುತ್ತ ಬಂದಿರುವ ಬದಲಾವಣೆಗಳನ್ನು ಕುರಿತು ವಾಚಕರ ಮುಂದೆ ಕೆಲವು ಮಾತುಗಳನ್ನಿಡುವುದು ಅವಶ್ಯವೆಂದು ಭಾವಿಸುತ್ತೇವೆ.

ನಗರರಚನೆಯ ಪಾಠವನ್ನು ಬೆಂಗಳೂರಿಗೆ ಕಲಿಸಿದುದು ಪ್ಲೇಗು. 1898ರಲ್ಲಿ ಆ ಮಾರಿಯು ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ ಹಬ್ಬಿ ಜನರನ್ನು ಬಲಿಗೊಂಡ ಮೇಲೆ, ಅಗಲವಾದ ಬೀದಿಗಳೂ ಮನೆಗಳ ಸುತ್ತ ತೆರವು ಜಾಗವೂ ಉಳ್ಳ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡವು. ಇಂದು ಅನೇಕರು ವ್ಯರ್ಥವೆಂದು ಎಣಿಸುವ ಆ ಕೆಲವು ಅಡಿಗಳ ತೆರವು ನಮ್ಮ ಹಿರಿಯರು ಸಾವಿನ ಬೆಲೆ ತೆತ್ತು ಪಡೆದ ವಿವೇಕವೆಂಬುದನ್ನು ಮರೆಯಲಾಗದು.

ವಿಧಿಗಳಿಗೆ ನಮ್ಮಲ್ಲಿ ಎಂದೂ ಕೊರತೆಯಾಗಿಲ್ಲ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಿತ್ತು. 2003ರ ಪಾಲಿಕೆಯ ಕಟ್ಟಡ ಉಪವಿಧಿಗಳಿದ್ದುವು. ಆದರೂ ವಿಧಿಯನ್ನು ಮೀರಿ ಕಟ್ಟುವವರ ಸಂಖ್ಯೆ ಬೆಳೆಯಿತು. ಆಗ ಸರಕಾರವು ಹಿಡಿದ ಮಾರ್ಗ 'ಅಕ್ರಮ-ಸಕ್ರಮ'. 2007ರಲ್ಲಿ ಜಾರಿಗೆ ತಂದ ತಿದ್ದುಪಡಿಯ ಬಲದಿಂದ, 2014ರಲ್ಲಿ ರಚಿಸಿದ ನಿಯಮಗಳ ಪ್ರಕಾರ, ವಾಸದ ಕಟ್ಟಡಗಳಲ್ಲಿ ಶೇಕಡ 50ರವರೆಗಿನ ಉಲ್ಲಂಘನೆಯನ್ನೂ ಇತರ ಕಟ್ಟಡಗಳಲ್ಲಿ ಶೇಕಡ 25ರವರೆಗಿನ ಉಲ್ಲಂಘನೆಯನ್ನೂ ದಂಡ ಪಡೆದು ಮನ್ನಿಸಬಹುದೆಂದಾಯಿತು. 2016ರ ಡಿಸೆಂಬರಿನಲ್ಲಿ ಉಚ್ಚ ನ್ಯಾಯಾಲಯವು ಇದನ್ನು ಎತ್ತಿಹಿಡಿಯಿತು. 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ತಡೆಯಾಜ್ಞೆ ನೀಡಿತು.

ಈ ಮನ್ನಣೆಯ ನೀತಿಯಲ್ಲಿ ನಮಗೆ ಕಾಣುವ ಮುಖ್ಯ ದೋಷ ಒಂದೇ. ಸಾಲ ಮಾಡಿ ಸಣ್ಣ ಮನೆ ಕಟ್ಟಿ, ಮಂಜೂರಾದ ನಕ್ಷೆಯಂತೆ ಮೂರಡಿ ಬಿಡಬೇಕಾದಲ್ಲಿ ಮೂರಡಿಯನ್ನೇ ಬಿಟ್ಟ ಗೃಹಸ್ಥನು ಒಂದು ಕೊಠಡಿಯ ಬಾಡಿಗೆಯನ್ನು ಕಳೆದುಕೊಂಡನು. ಗಡಿಗೋಡೆಯವರೆಗೂ ಕಟ್ಟಿದವನು ವರ್ಷಗಟ್ಟಲೆ ಆ ಬಾಡಿಗೆಯನ್ನುಂಡು, ಕೊನೆಗೆ ದಂಡವೆಂಬ ಅಲ್ಪ ಮೊತ್ತದಿಂದ ಶುದ್ಧನಾಗುವನು. ವಿಧಿಗೆ ತಲೆಬಾಗಿದವನೇ ನಷ್ಟಪಡುವಂತಾದರೆ ನಾಳೆ ವಿಧಿಗೆ ತಲೆಬಾಗುವವರು ಯಾರು?

ನಷ್ಟವು ಹಣದಲ್ಲಿಯೇ ಮುಗಿಯುವುದಿಲ್ಲ. 2024ರ ಅಕ್ಟೋಬರ್ 22ರಂದು ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡವೊಂದು ಮಳೆಯಲ್ಲಿ ಕುಸಿದು, ಹೊಟ್ಟೆಪಾಡಿಗೆ ದುಡಿಯುತ್ತಿದ್ದ ಒಂಬತ್ತು ಮಂದಿ ಪ್ರಾಣಬಿಟ್ಟರು. ಅನುಮತಿಗೆ ಮೀರಿ ಮಹಡಿಗಳನ್ನು ಏರಿಸಲಾಗಿತ್ತೆಂದು ಅಧಿಕಾರಿಗಳು ಆಗ ತಿಳಿಸಿದರು. ಮಹಡಿಯು ಒಂದು ರಾತ್ರಿಯಲ್ಲಿ ಬೆಳೆಯುವ ಅಣಬೆಯಲ್ಲ. ಏರುತ್ತಿರುವಾಗ ಅದು ಬೀದಿಯಲ್ಲಿ ಹೋಗುವವರೆಲ್ಲರ ಕಣ್ಣಿಗೂ ಬೀಳುತ್ತದೆ.

ಮೀರತ್ ನಗರದ ವ್ಯಾಜ್ಯವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2024ರ ಡಿಸೆಂಬರ್ 17ರಂದು ಕೊಟ್ಟ ತೀರ್ಪು ಈ ದೃಷ್ಟಿಯಿಂದ ಗಮನಾರ್ಹವಾದುದು. ಮಂಜೂರಾದ ನಕ್ಷೆಯನ್ನು ಕೆಲಸದ ಸ್ಥಳದಲ್ಲಿಯೇ ಎಲ್ಲರಿಗೂ ಕಾಣುವಂತೆ ಇಡತಕ್ಕದ್ದು. ಅಧಿಕಾರಿಗಳು ಕಾಲಕಾಲಕ್ಕೆ ಪರೀಕ್ಷಿಸಿ ಅದನ್ನು ದಾಖಲೆ ಮಾಡತಕ್ಕದ್ದು. ಸ್ವಾಧೀನಾನುಭವ ಪತ್ರವಿಲ್ಲದೆ ನೀರು, ವಿದ್ಯುತ್ತು ಕೊಡಕೂಡದು. ತಪ್ಪು ಪತ್ರ ಕೊಟ್ಟ ಅಧಿಕಾರಿಯ ಮೇಲೆಯೂ ಕ್ರಮ ಜರುಗಬೇಕು ಎಂಬುದು ಅದರ ಸಾರ. ಈ ತೀರ್ಪಿನಿಂದ ಬೆಂಗಳೂರಿನ ಸಾಮಾನ್ಯ ಗೃಹಸ್ಥರನೇಕರು ಕಟ್ಟಿದ ಮನೆಯಲ್ಲಿ ವಿದ್ಯುತ್ತಿಲ್ಲದೆ ಕಷ್ಟಪಟ್ಟರೆಂಬುದೂ ನಿಜವೇ. ಅವರಿಗಾಗಿ 2025ರಲ್ಲಿ, 1,200 ಚದರ ಅಡಿಗಳವರೆಗಿನ ನಿವೇಶನಗಳಲ್ಲಿ ಕಟ್ಟಿದ ಸಣ್ಣ ವಾಸದ ಮನೆಗಳಿಗೆ, ಮಹಡಿಗಳ ಮಿತಿಗೊಳಪಟ್ಟು, ಆ ಪತ್ರದಿಂದ ವಿನಾಯಿತಿ ದೊರೆಯಿತು.

ಬಡವನ ಮೇಲಿನ ಈ ಕನಿಕರವನ್ನು ನಾವು ಆಕ್ಷೇಪಿಸುವುದಿಲ್ಲ. ಮೂವತ್ತು-ನಲವತ್ತರ ನಿವೇಶನದವನು ಒಂದು ಸಹಿಗಾಗಿ ಕಛೇರಿಯ ಮೆಟ್ಟಿಲುಗಳನ್ನು ಸವೆಸುವುದು ಯಾವ ಆಡಳಿತಕ್ಕೂ ಭೂಷಣವಲ್ಲ. ಆದರೆ ಪತ್ರದಿಂದ ವಿನಾಯಿತಿ ಕೊಟ್ಟರೆ ಪರೀಕ್ಷೆಯಿಂದಲೂ ವಿನಾಯಿತಿ ಕೊಟ್ಟಂತಾಗಬಾರದು. ಸಣ್ಣ ನಿವೇಶನಗಳಲ್ಲಿಯೇ ಗೋಡೆಗೆ ಗೋಡೆ ತಾಗಿ, ಓಣಿಗಳು ಕಿರಿದಾಗಿ, ಅಪಾಯ ಹೆಚ್ಚು. ಪಾಯ ತೋಡಿದಾಗ ಒಮ್ಮೆ, ಪ್ರತಿಯೊಂದು ತಾರಸಿ ಹಾಕುವ ಮೊದಲು ಒಮ್ಮೆ ಅಭಿಯಂತರನು ಬಂದು ನೋಡಿ, ತನ್ನ ಹೆಸರಿನಲ್ಲಿ ದಾಖಲೆ ಬರೆಯಲಿ. ಪಾಯದಲ್ಲಿ ತಡೆದರೆ ಒಡೆಯನಿಗೆ ಹೋಗುವುದು ಕೆಲವು ಗಾಡಿ ಕಲ್ಲು. ಮಹಡಿಯನ್ನು ಕೆಡಹಿದರೆ ಹೋಗುವುದು ಅವನ ಜೀವಮಾನದ ಗಳಿಕೆ.

ಇನ್ನೊಂದು ಮಾತು. ಭೂಮಿಯ ಉಪಯೋಗ ಮತ್ತು ಕಟ್ಟಡಗಳ ನಿಯಂತ್ರಣವನ್ನು ಸಂವಿಧಾನದ 74ನೆಯ ತಿದ್ದುಪಡಿಯು ಪೌರಸಂಸ್ಥೆಗಳ ಕಾರ್ಯಗಳ ಪಟ್ಟಿಯಲ್ಲಿ ಸೇರಿಸಿದೆ. ಬೆಂಗಳೂರಿನಲ್ಲಾದರೋ 2020ರ ಸೆಪ್ಟೆಂಬರಿನಲ್ಲಿ ಚುನಾಯಿತ ಸದಸ್ಯರ ಅವಧಿ ಮುಗಿಯಿತು. 2025ರ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆ ಐದಾಗುವವರೆಗೂ ಹೊಸ ಸದಸ್ಯರು ಬರಲಿಲ್ಲ. ಮನೆ ಕಟ್ಟುವ ನಿಯಮಗಳು ಬದಲಾದಾಗ ಮನೆಯಲ್ಲಿ ವಾಸಿಸುವವರ ಪ್ರತಿನಿಧಿಗಳು ಸಭೆಯಲ್ಲಿರಲಿಲ್ಲವೆಂದರೆ ಅದು ಸ್ವರಾಜ್ಯದ ತತ್ತ್ವಕ್ಕೆ ಒಪ್ಪುವುದೇ?

ನಿಯಮಗಳು ಕಡಿಮೆಯಿರಲಿ, ಸುಲಭವಾಗಿರಲಿ, ಕನ್ನಡದಲ್ಲಿ ಓದಿದವನಿಗೆಲ್ಲ ತಿಳಿಯುವಂತಿರಲಿ. ಆದರೆ ಇರುವ ನಿಯಮವು ಧನಿಕನಿಗೂ ದರಿದ್ರನಿಗೂ ಒಂದೇ ಅಳತೆಯ ಹಗ್ಗವಾಗಲಿ. ನಾಳೆ ಮನ್ನಣೆ ದೊರೆಯುವುದೆಂಬ ಆಸೆಯನ್ನು ಸರಕಾರವು ಇಂದೇ ಮುರಿದರೆ, ಕಟ್ಟುವವನ ಕೈ ತಾನಾಗಿಯೇ ಗಡಿಯೊಳಗೆ ನಿಲ್ಲುವುದು.