ಅಮೆರಿಕೆಯಲ್ಲಿ ಅಳಿಲು ಬೇಟೆ: ಹೊಸಬರು ತಿಳಿದಿರಬೇಕಾದದ್ದು

ಬೇಟೆಯೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಹಂದಿ, ಕಡವೆ, ಹೆಚ್ಚೆಂದರೆ ಹುಲಿ. ಅಳಿಲನ್ನು ಬೇಟೆಯಾಡುವುದುಂಟೇ ಎಂದು ನೀವು ನಗಬಹುದು. ನಮ್ಮ ಹಿತ್ತಲಿನ ಪೇರಲ ಮರದಲ್ಲಿ ಚಿವ್‌ಚಿವ್ ಎನ್ನುತ್ತ ಓಡಾಡುವ ಅಂಗೈಯಗಲದ ಪ್ರಾಣಿ ಅದು. ಸೇತುವೆಗೆ ಮರಳು ಹೊತ್ತುದಕ್ಕೆ ರಾಮನಿಂದ ಬೆನ್ನು ನೇವರಿಸಿಕೊಂಡು ಮೂರು ಗೆರೆ ಪಡೆದದ್ದು. ಅದರ ಮೇಲೆ ಕೈಯೆತ್ತಲು ನಮಗೆ ಮನಸ್ಸಾಗದು. ಆದರೆ ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ, ಅದರಲ್ಲೂ ಅದರ ಪೂರ್ವಾರ್ಧದ ಹಳ್ಳಿಗಾಡಿನಲ್ಲಿ, ಹುಡುಗನೊಬ್ಬ ಮೊದಲ ಸಲ ಕೋವಿ ಹಿಡಿದು ಕಾಡಿಗೆ ಹೋಗುವುದು ಬಹುಮಟ್ಟಿಗೆ ಅಳಿಲಿಗಾಗಿಯೇ. ಅಲ್ಲಿ ಓದುತ್ತಲೋ ಕೆಲಸ ಮಾಡುತ್ತಲೋ ಇರುವ ನಿಮ್ಮ ಮಗನೋ ಅಳಿಯನೋ ಒಂದು ದಿನ ಫೋನಿನಲ್ಲಿ, “ಪಕ್ಕದ ಮನೆಯವರು ಶನಿವಾರ ಅಳಿಲು ಬೇಟೆಗೆ ಕರೆದಿದ್ದಾರೆ” ಎಂದರೆ ಗಾಬರಿಯಾಗಬೇಡಿ. ಆದರೆ ಅವನನ್ನು ಕೆಲವು ಪ್ರಶ್ನೆ ಕೇಳದೆ ಬಿಡಲೂ ಬೇಡಿ. ಯಾವ ಪ್ರಶ್ನೆಗಳೆಂಬುದು ಮುಂದೆ ತಿಳಿದೀತು.

ಅಲ್ಲಿಯ ಅಳಿಲು ನಮ್ಮದಲ್ಲ. ಮುಖ್ಯವಾದವು ಎರಡು ಜಾತಿ. ಬೂದು ಅಳಿಲು ಸುಮಾರು ಅರ್ಧ ಕಿಲೋ ತೂಗುತ್ತದೆ; ನರಿಯಳಿಲು ಅದಕ್ಕಿಂತ ದೊಡ್ಡದು, ಕೆಂಚು ಹೊಟ್ಟೆಯದು, ಒಂದು ಕಿಲೋವರೆಗೂ ಬೆಳೆದೀತು. ಎರಡಕ್ಕೂ ಬೆನ್ನಮೇಲೆ ಗೆರೆಯಿಲ್ಲ. ಬಾಲ ಮಾತ್ರ ಮೈಯಷ್ಟೇ ಉದ್ದ, ಚಾಮರದಂಥದು. ಓಕ್, ಹಿಕರಿ, ಬೀಚ್ ಮುಂತಾದ ಗಟ್ಟಿ ಕಾಯಿ ಬಿಡುವ ಮರಗಳೇ ಅವುಗಳ ಮನೆ, ಉಗ್ರಾಣ ಎರಡೂ. ಚಳಿಗಾಲಕ್ಕೆಂದು ಕಾಯಿಗಳನ್ನು ಒಂದೊಂದಾಗಿ ನೆಲದಲ್ಲಿ ಹೂಳುತ್ತವೆ. ತೆಗೆಯದೆ ಬಿಟ್ಟವು ಮೊಳೆತು ಮರವಾಗುತ್ತವೆ. ಬಿಳಿ ಓಕಿನ ಕಾಯಿ ಬಿದ್ದೊಡನೆ ಮೊಳೆಯುವ ಜಾತಿಯದಾದ್ದರಿಂದ, ಅದನ್ನು ಹೂಳುವ ಮುನ್ನ ಅಳಿಲು ಮೊಳಕೆಯ ತುದಿಯನ್ನೇ ಕಚ್ಚಿ ತೆಗೆದುಬಿಡುವುದೂ ಉಂಟು. ಇಷ್ಟು ಜಾಣ ಪ್ರಾಣಿಯೊಡನೆ ಹೊಸ ಬೇಟೆಗಾರ ಸೆಣಸಬೇಕು.

ಒಂದು ಕಾಲದಲ್ಲಿ ಅಲ್ಲಿ ಅಳಿಲೆಂದರೆ ಪೀಡೆ. ಹೊಸದಾಗಿ ಬೇಸಾಯಕ್ಕೆ ಬಂದ ನೆಲದಲ್ಲಿ ಜೋಳದ ಹೊಲಗಳನ್ನು ಅವು ಹಿಂಡುಹಿಂಡಾಗಿ ಬಂದು ತಿಂದು ಹೋಗುತ್ತಿದ್ದವು. ಪೆನ್ಸಿಲ್ವೇನಿಯದಲ್ಲಿ ೧೭೪೯ರಲ್ಲಿ ಅಳಿಲಿನ ತಲೆಗೆ ಮೂರು ಪೆನ್ನಿಯಂತೆ ಇನಾಮು ಕೊಟ್ಟರು. ಓಹಾಯೋ ಸಂಸ್ಥಾನವು ೧೮೦೭ರಲ್ಲಿ ತೆರಿಗೆಯ ಜೊತೆಗೆ ಇಷ್ಟು ಅಳಿಲಿನ ತಲೆದೊಗಲನ್ನೂ ತಂದೊಪ್ಪಿಸಬೇಕೆಂದು ಕಾನೂನನ್ನೇ ಮಾಡಿತು! ಆಮೇಲೆ ಕಾಡು ಕಡಿದದ್ದಾಯಿತು, ಅಳಿಲೂ ಕುಗ್ಗಿತು. ಈಗ ಬೇಟೆಗೆ ಕಾಲ, ಲೆಕ್ಕ, ಪರವಾನಗಿ ಎಲ್ಲವೂ ಇವೆ. ೧೯೩೭ರಲ್ಲಿ ಮಾಡಿದ ಪಿಟ್‌ಮನ್–ರಾಬರ್ಟ್‌ಸನ್ ಕಾಯಿದೆಯಂತೆ ಕೋವಿ ಮತ್ತು ತೋಟಾಗಳ ಮೇಲಿನ ಸುಂಕದ ಹಣ ವನ್ಯಜೀವಿಗಳ ಪಾಲನೆಗೇ ಹೋಗುತ್ತದೆ. ನರಿಯಳಿಲಿನ ಒಂದು ಉಪಜಾತಿ, ಪೂರ್ವ ಕರಾವಳಿಯ ಡೆಲ್ಮಾರ್ವ ಅಳಿಲು, ೧೯೬೭ರಲ್ಲಿ ಅಳಿವಿನಂಚಿನ ಪ್ರಾಣಿಗಳ ಪಟ್ಟಿಗೆ ಸೇರಿತ್ತು. ಐವತ್ತು ವರ್ಷಗಳಿಗೆ ಹತ್ತಿರ ಜೋಪಾನ ಮಾಡಿದ ಮೇಲೆ ೨೦೧೫ರಲ್ಲಿ ಪಟ್ಟಿಯಿಂದ ಹೊರಬಂತು. ಆದ್ದರಿಂದ ಮರದ ಮೇಲಿರುವುದು ಯಾವ ಅಳಿಲು ಎಂದು ಗುರುತಿಸಲಾರದವನು ಕೋವಿಯನ್ನು ಮುಟ್ಟತಕ್ಕದ್ದಲ್ಲ.

ಈಗ ಮೊದಲ ಪ್ರಶ್ನೆ. ಅವನು ಯಾವ ವೀಸಾದ ಮೇಲಿದ್ದಾನೆ? ಇದು ಸಣ್ಣ ಮಾತಲ್ಲ. ವಿದ್ಯಾರ್ಥಿಯಾಗಿ, ಪ್ರವಾಸಿಯಾಗಿ ಅಥವಾ ತಾತ್ಕಾಲಿಕ ನೌಕರಿಯ ವೀಸಾದಲ್ಲಿ ಹೋದವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದು ಆ ದೇಶದ ಕೇಂದ್ರ ಕಾನೂನಿನಂತೆ ಸಾಮಾನ್ಯವಾಗಿ ಅಪರಾಧ. ಅದಕ್ಕೆ ಕೆಲವು ವಿನಾಯಿತಿಗಳಿವೆ. ಅವುಗಳಲ್ಲಿ ಒಂದು, ಅಲ್ಲಿಯ ಯಾವುದಾದರೂ ಸಂಸ್ಥಾನ ಕ್ರಮವಾಗಿ ಕೊಟ್ಟ ಬೇಟೆಯ ಪರವಾನಗಿ ಕೈಯಲ್ಲಿರುವುದು. ಪರವಾನಗಿಯಿಲ್ಲದೆ, “ಸ್ವಲ್ಪ ಹಿಡಿದುಕೋ, ನಾನು ಬೇಲಿ ದಾಟುತ್ತೇನೆ” ಎಂದು ಗೆಳೆಯ ಕೊಟ್ಟ ಕೋವಿಯನ್ನು ಹಿಡಿದರೂ ತೊಂದರೆಗೆ ಸಿಕ್ಕಬಹುದು; ಓದು, ನೌಕರಿ, ವಾಸ ಎಲ್ಲವೂ ಅದರಲ್ಲಿ ಮುಳುಗೀತು. ಅಮೆರಿಕದವನಿಗೆ ಈ ಕಟ್ಟಳೆ ಅನ್ವಯಿಸುವುದಿಲ್ಲವಾದ್ದರಿಂದ ಕರೆದ ಗೆಳೆಯನಿಗೆ ಇದು ಗೊತ್ತೇ ಇರಲಾರದು. ಮೊದಲು ಪರವಾನಗಿ, ಆಮೇಲೆ ಕೋವಿ. ಸಂದೇಹವಿದ್ದರೆ ವಕೀಲರನ್ನು ಕೇಳಿಯೇ ಹೆಜ್ಜೆಯಿಡಲಿ.

ಎರಡನೆಯದು ಪಾಠ. ಮಿಸೌರಿ ಸಂಸ್ಥಾನವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅಲ್ಲಿಯ ಓಜಾರ್ಕ್ ಗುಡ್ಡಗಳ ಓಕ್–ಹಿಕರಿ ಕಾಡು ಅಳಿಲಿಗೆ ಹೇಳಿಮಾಡಿಸಿದ್ದು, ಮಾರ್ಕ್ ಟ್ವೇನ್ ರಾಷ್ಟ್ರೀಯ ಅರಣ್ಯದಲ್ಲಿ ಸಾರ್ವಜನಿಕರು ಬೇಟೆಯಾಡಲೂ ಬಹುದು. ೧೯೬೭ರ ಜನವರಿ ೧ರಂದು ಅಥವಾ ಅನಂತರ ಹುಟ್ಟಿದವರಿಗೆ ಬೇಟೆಗಾರರ ಶಿಕ್ಷಣ ತರಗತಿ ಕಡ್ಡಾಯ. ಅಳಿಲು ಬೇಟೆಯ ಕಾಲ ಮೇ ತಿಂಗಳ ನಾಲ್ಕನೆಯ ಶನಿವಾರದಿಂದ ಫೆಬ್ರವರಿ ೧೫ರವರೆಗೆ. ದಿನಕ್ಕೆ ಹತ್ತಕ್ಕಿಂತ ಹೆಚ್ಚು ಹೊಡೆಯಕೂಡದು. ಪೆನ್ಸಿಲ್ವೇನಿಯದಲ್ಲಿ ಆರೇ. ಈ ಕಟ್ಟಳೆಗಳು ವರ್ಷವರ್ಷಕ್ಕೂ ಬದಲಾಗಬಹುದಾದ್ದರಿಂದ ಆ ವರ್ಷದ ಸರಕಾರಿ ಕೈಪಿಡಿಯನ್ನು ನೋಡಿಕೊಳ್ಳಬೇಕು. ಕಾಲ ಮೇ ತಿಂಗಳಲ್ಲೇ ತೆರೆದರೂ ಹೊಸಬನು ಅಕ್ಟೋಬರಿನವರೆಗೆ ತಾಳುವುದು ಮೇಲೆಂದು ನನ್ನ ಅಭಿಪ್ರಾಯ. ಬೇಸಗೆಯಲ್ಲಿ ಎಲೆ ದಟ್ಟ, ಉಣ್ಣೆಯ ಕಾಟ ವಿಪರೀತ. ಜುಲೈ–ಆಗಸ್ಟಿನಲ್ಲಿ ಎರಡನೆಯ ಸೂಲಿನ ಮರಿಗಳು ಹುಟ್ಟುವುದರಿಂದ ಗೂಡಿನಲ್ಲಿ ಮೊಲೆಯುಣ್ಣುವ ಮರಿಯಿರುವ ತಾಯಿಯೇ ಗುಂಡಿಗೆ ಸಿಕ್ಕೀತು.

ಆಯುಧದ ವಿಷಯ ಹೆಚ್ಚು ಬೇಡ. ಚರೆಕೋವಿ, ಇಲ್ಲವೆ .೨೨ ರೈಫಲು, ಇವೆರಡರಲ್ಲೊಂದು. ಹೊಸಬನಿಗೆ ಇಪ್ಪತ್ತು ಗೇಜಿನ ಚರೆಕೋವಿ, ಆರನೆಯ ನಂಬರಿನ ಚರೆ ಸಾಕು. ಮಾಂಸದಲ್ಲಿ ಚರೆ ಸಿಕ್ಕುತ್ತದೆಂದು ನಿಪುಣರು ಮೂಗು ಮುರಿದು ರೈಫಲನ್ನೇ ಮೆಚ್ಚುತ್ತಾರೆ, ಸರಿಯೇ. ಆದರೆ .೨೨ರ ಆ ಪುಟ್ಟ ಗುಂಡು ಒಂದು ಮೈಲಿಗೂ ಮೀರಿ ಹೋಗಬಲ್ಲದು. ಅಳಿಲಿರುವುದು ಮರದ ಮೇಲೆ, ಕೋವಿಯ ಬಾಯಿ ಆಕಾಶದ ಕಡೆಗೆ. ತಪ್ಪಿದ ಗುಂಡು ಎಲ್ಲಿ ಇಳಿಯುತ್ತದೆ? ಗುಡ್ಡದಾಚೆಯ ಯಾರದೋ ಅಂಗಳದಲ್ಲಿ. ಆದ್ದರಿಂದ ಅಳಿಲಿನ ಹಿಂದೆ ದಪ್ಪ ಕಾಂಡವೋ ಏರುದಿಬ್ಬವೋ ಇದ್ದರೆ ಮಾತ್ರ ರೈಫಲಿನಿಂದ ಹೊಡೆಯಬೇಕು. ತೆಳುಗೊಂಬೆಯ ತುದಿಯಲ್ಲಿ ಬರಿಯ ಆಕಾಶಕ್ಕೆದುರಾಗಿ ಕುಳಿತ ಅಳಿಲು ಎಷ್ಟೇ ಚೆನ್ನಾಗಿ ಕಂಡರೂ ಅದನ್ನು ಬಿಟ್ಟುಬಿಡಬೇಕು. ನಿಮ್ಮ ಮೂರನೆಯ ಪ್ರಶ್ನೆ ಇದೇ ಆಗಲಿ: “ಕರೆದವರು ಆಕಾಶಕ್ಕೆ ಗುಂಡು ಹಾರಿಸುವವರೇ?” ಹೌದೆಂದಾದರೆ ಅಂಥವರ ಜೊತೆ ಹೋಗುವುದೇ ಬೇಡ. ತಲೆಗೆ ಕಿತ್ತಳೆ ಬಣ್ಣದ ಟೋಪಿ ಇರಲಿ. ಇತರ ಬೇಟೆಗಾರರಿಗೆ ಅದು ದೂರದಿಂದಲೇ ಕಾಣುತ್ತದೆ. ಅಳಿಲಿಗೆ ಕೆಂಪು–ಹಸಿರುಗಳ ಭೇದ ಚೆನ್ನಾಗಿ ತಿಳಿಯದಾದ್ದರಿಂದ ನಷ್ಟವೇನೂ ಇಲ್ಲ.

ಇನ್ನು ನಿಜವಾದ ವಿದ್ಯೆಗೆ ಬರೋಣ. ಅದು ಕೋವಿಯದಲ್ಲ, ಮರದ್ದು, ಕಿವಿಯದು. ಅಳಿಲನ್ನು ಹುಡುಕುವವನು ಮೊದಲು ಊಟವನ್ನು ಹುಡುಕಬೇಕು. ಬೇಸಗೆಯ ಆರಂಭದಲ್ಲಿ ಹಿಪ್ಪುನೇರಿಳೆಯ ಹಣ್ಣು ಮಾಗಿದ ಕಡೆ ಅವು ನೆರೆಯುತ್ತವೆ; ಆಗಸ್ಟಿನಿಂದ ಹಿಕರಿ ಕಾಯಿ, ಆಮೇಲೆ ಓಕಿನ ಕಾಯಿ. ಮರದ ಬುಡದಲ್ಲಿ ನೋಡಿದರೆ ಕೊರೆದು ಉದುರಿಸಿದ ಸಿಪ್ಪೆಯ ಚೂರುಗಳು ಹರಡಿರುತ್ತವೆ. ಚೂರು ಹಸಿಯಾಗಿ ತಿಳಿಬಣ್ಣದ್ದಾಗಿದ್ದರೆ ಇಂದೋ ನಿನ್ನೆಯೋ ತಿಂದದ್ದು. ಕಪ್ಪಾಗಿ ಒಣಗಿದ್ದರೆ ಹಳೆಯ ಔತಣ. ಹಸಿ ಚೂರು ಕಂಡ ಮರದಿಂದ ಇಪ್ಪತ್ತೈದು–ಮೂವತ್ತು ಗಜ ದೂರದಲ್ಲಿ, ಇನ್ನೊಂದು ದೊಡ್ಡ ಮರಕ್ಕೆ ಬೆನ್ನು ಕೊಟ್ಟು, ಬೆಳಕು ಹರಿಯುವ ಮುನ್ನವೇ ಹೋಗಿ ಕೂರಬೇಕು. ನಮ್ಮ ಮಲೆನಾಡಿನವರು ಹಿಂದೆ ‘ಮರಸು ಕೂರುವುದು’ ಎನ್ನುತ್ತಿದ್ದರಲ್ಲ, ಬಹುಮಟ್ಟಿಗೆ ಅದೇ.

ನೀವು ಕಾಲಿಟ್ಟೊಡನೆ ಕಾಡು ಬಾಯಿ ಮುಚ್ಚುತ್ತದೆ. ಹತ್ತು ನಿಮಿಷ, ಇಪ್ಪತ್ತು ನಿಮಿಷ ಏನೂ ಇಲ್ಲ. ಹೊಸಬರು ಸೋಲುವುದು ಇಲ್ಲಿಯೇ. ಬೇಸತ್ತು ಎದ್ದು ತರಗೆಲೆಯ ಮೇಲೆ ಚರಚರ ನಡೆಯುತ್ತಾರೆ, ಮತ್ತೆ ಮೊದಲಿಂದ ಮೌನ. ಅಲುಗದೆ ಕೂತವನಿಗೆ ಅರ್ಧ ಗಂಟೆಯೊಳಗೆ ಕಾಡು ಮರಳಿ ಮಾತಾಡತೊಡಗುತ್ತದೆ. ಎಲೆಗಳ ಮೇಲೆ ಸಣ್ಣ ಮಳೆ ಬಿದ್ದಂತೆ ಟಪಟಪ ಸದ್ದು: ಮೇಲೆ ಕೂತು ಸಿಪ್ಪೆ ಉದುರಿಸುತ್ತಿರುವುದು. ಗಾಳಿಯಿಲ್ಲದಿದ್ದರೂ ಒಂದೇ ಕೊಂಬೆ ತೂಗಿತು: ಮರದಿಂದ ಮರಕ್ಕೆ ನೆಗೆದದ್ದು. ಹಲ್ಲಿನಿಂದ ಗಟ್ಟಿ ಹಿಕರಿಯನ್ನು ಕೊರೆಯುವ ಕರಕರ ಸದ್ದನ್ನೂ ನಿಶ್ಶಬ್ದವಾದ ಬೆಳಗಿನಲ್ಲಿ ಕೇಳಬಹುದು. ಗಾಳಿ ಬೀಸುವ ದಿನ ಇದಾವುದೂ ತಿಳಿಯದು. ಅಂದು ಮನೆಯಲ್ಲಿರುವುದೇ ಲೇಸು. ಮಳೆ ಬಿಟ್ಟ ಮುಂಜಾವು ಮಾತ್ರ ಬಲು ಒಳ್ಳೆಯದು; ನೆನೆದ ಎಲೆ ಕಾಲ್ದನಿಯನ್ನು ನುಂಗುವುದರಿಂದ ಅಂದು ನಿಧಾನವಾಗಿ ನಡೆದೂ ಹುಡುಕಬಹುದು.

ಅಳಿಲಿಗೆ ನಿಮ್ಮ ಸುಳಿವು ಸಿಕ್ಕಿತೆನ್ನಿ, ಓಡುವುದಿಲ್ಲ. ಕಾಂಡದ ಆಚೆ ಬದಿಗೆ ಸರಿದು ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ. ನೀವು ಬಲಕ್ಕೆ ಸುತ್ತಿದರೆ ಅದು ಎಡಕ್ಕೆ. ಇಡೀ ದಿನ ಪ್ರದಕ್ಷಿಣೆ ಹಾಕಿಸೀತು. ಇಬ್ಬರಿದ್ದರೆ ಒಬ್ಬನು ಅಲುಗದೆ ನಿಂತು ಇನ್ನೊಬ್ಬನು ಸುತ್ತಬೇಕು. ಅಳಿಲು ನಿಂತವನ ಕಡೆಗೆ ಬರುತ್ತದೆ. ಆಗ ಸುತ್ತುತ್ತಿರುವವನು ಎಲ್ಲಿದ್ದಾನೆಂದು ಕಣ್ಣಾರೆ ನೋಡಿದ ಮೇಲೆಯೇ ಕೋವಿ ಎತ್ತಬೇಕೆಂಬುದನ್ನು ಹೇಳಬೇಕಾಗಿಲ್ಲ. ಒಬ್ಬನೇ ಇದ್ದರೆ ಹಳಬರ ಉಪಾಯವೊಂದುಂಟು: ಆಚೆ ಬದಿಯ ಪೊದೆಗೊಂದು ದಾರ ಕಟ್ಟಿ, ಈಚೆ ಬಂದು ಕೂತು ಎಳೆಯುವುದು. ಪೊದೆ ಅಲುಗಿದರೆ ಅಳಿಲು ಈಚೆಗೆ ಸರಿಯುತ್ತದೆ. ಇವುಗಳೆಲ್ಲಕ್ಕಿಂತ ಸುಲಭ, ಸುಮ್ಮನೆ ಕಾಯುವುದು.

ಒಂದು ಅಳಿಲು ಬಿದ್ದೊಡನೆ ಎದ್ದು ಓಡಬಾರದು. ಬಿದ್ದ ಜಾಗವನ್ನು ಗುರುತಿಟ್ಟುಕೊಂಡು ಕೂತೇ ಇದ್ದರೆ, ಬೆದರಿದ ಉಳಿದವು ಹತ್ತು ಹದಿನೈದು ನಿಮಿಷದಲ್ಲಿ ಮತ್ತೆ ಮೇಯಲು ಹೊರಡುತ್ತವೆ. ಇದಕ್ಕೆ ಒಂದೇ ಅಪವಾದ. ಬಿದ್ದದ್ದು ಅಲುಗುತ್ತಿದ್ದರೆ ತಡಮಾಡದೆ ಅದರ ಯಾತನೆಯನ್ನು ಕೊನೆಗಾಣಿಸತಕ್ಕದ್ದು. ಗಾಯಗೊಂಡ ಅಳಿಲು ಪೊಟರೆ ಹೊಕ್ಕರೆ ಅದು ಅಲ್ಲಿಯೇ ನರಳಿ ಸಾಯುತ್ತದೆ, ಯಾರಿಗೂ ದಕ್ಕುವುದಿಲ್ಲ. ದೂರದ ಈಡನ್ನು ಹೊಸಬನು ಬಿಡಬೇಕಾದದ್ದು ಇದಕ್ಕಾಗಿಯೇ.

ತಿನ್ನದೆ ಎಸೆಯುವುದಕ್ಕೆಂದು ಅಲ್ಲಿ ಮರ್ಯಾದೆಯ ಬೇಟೆಗಾರರು ಹೊಡೆಯುವುದಿಲ್ಲ. ತೊಗಲು ಬಲು ಬಿಗಿ. ಮೈಬಿಸಿ ಇರುವಾಗಲೇ ಸುಲಿಯುವುದು ಸುಲಭ. ಕೈಗೆ ರಬ್ಬರಿನ ಚೀಲ ತೊಡುವುದು ಒಳ್ಳೆಯದು. ಎಳೆಯದನ್ನು ಹುರಿಯುತ್ತಾರೆ, ಬಲಿತದ್ದನ್ನು ಗಂಟೆಗಟ್ಟಲೆ ಬೇಯಿಸುತ್ತಾರೆ. ಬ್ರನ್ಸ್‌ವಿಕ್ ಸ್ಟೂ ಎಂಬ ದಕ್ಷಿಣ ಸಂಸ್ಥಾನಗಳ ಹೆಸರಾಂತ ಸಾರು ಹಿಂದೆ ಅಳಿಲಿನದೇ. ಈಗ ಹೆಚ್ಚಾಗಿ ಕೋಳಿಯದು. ಬೇಸಗೆಯ ಕೊನೆಯಲ್ಲಿ ಕೆಲವು ಅಳಿಲುಗಳ ತೊಗಲಿನಡಿ ಒಂದು ಜಾತಿಯ ನೊಣದ ದಪ್ಪ ಹುಳು ಬೆಳೆದು ಗಂಟಾಗಿರುತ್ತದೆ. ಮಾಂಸಕ್ಕೆ ಅದರಿಂದ ಕೇಡಿಲ್ಲವಾದರೂ ನೋಡಿದವರಿಗೆ ಊಟ ಸೇರಲಾರದು. ಅಕ್ಟೋಬರಿನವರೆಗೆ ತಾಳಿ ಎಂದದ್ದಕ್ಕೆ ಇದೂ ಒಂದು ಕಾರಣ.

ಇದನ್ನೆಲ್ಲ ಓದಿ ಇಲ್ಲಿ ಯಾರೂ ಕೋವಿಗೆ ಕೈ ಹಾಕುವಂತಿಲ್ಲ. ನಮ್ಮ ದೇಶದಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಪಶ್ಚಿಮ ಘಟ್ಟದ ಕೆಂದಳಿಲನ್ನು ಕೊಲ್ಲುವುದು ಅಪರಾಧ. ಆದರೆ ಕಿವಿಯ ವಿದ್ಯೆಗೆ ಪರವಾನಗಿ ಬೇಕಿಲ್ಲ. ದಾಂಡೇಲಿಯ ಕಡೆ ಹೋದಾಗ, ಹಣ್ಣು ಬಿಟ್ಟ ಮರದ ಬುಡದಲ್ಲಿ ಹಸಿ ಚೂರು ಕಂಡರೆ ತುಸು ದೂರ ಸರಿದು, ಒಂದು ಮರಕ್ಕೆ ಬೆನ್ನು ಕೊಟ್ಟು ಅರ್ಧ ಗಂಟೆ ಕೂತು ನೋಡಿ. ಮಕ್ಕಳನ್ನು ಕರೆದೊಯ್ದಿದ್ದರೆ ಮೊದಲ ಹತ್ತು ನಿಮಿಷವೇ ಕಷ್ಟ.